ಭಾನುವಾರ ಬಂದರೆ ಖಾಲಿ ಬೀಳುವ ಪಾಳಿ ಪಟ್ಟಿ

ನಮ್ಮ ಭಾಗದ ಬದುಕು ತಾರೀಖಿಗಿಂತ ವಾರದ ಮೇಲೆ ನಡೆಯುತ್ತದೆ. ಕಲ್ಲೂರಿನ ಮಹಾಲಕ್ಷ್ಮಿಗೆ ಶುಕ್ರವಾರ, ಅಂಗನವಾಡಿಯ ಲಸಿಕೆಗೆ ಗುರುವಾರ, ಒಂದೊಂದು ಊರಿಗೆ ಒಂದೊಂದು ಸಂತೆ ದಿನ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ. ನೀರು ಕಡಿಮೆಯಾದ ವರ್ಷ ಯಾರ ಹೊಲಕ್ಕೆ ಯಾವ ದಿನ ಎಂಬುದೇ ಮಾತು. ಇಂಥ ಸೂಚನೆಗಳೆಲ್ಲ ಈಗ ಒಂದೊಂದಾಗಿ ಮೊಬೈಲ್ ಸಂದೇಶಕ್ಕೆ ಇಳಿಯುತ್ತಿವೆ. ನೀರಿನ ಪಾಳಿಯೂ ಅದೇ ದಾರಿ ಹಿಡಿಯುವ ಮುನ್ನ ಒಂದು ಸಣ್ಣ ಕೋಡಿನ ಕಡೆ ಕಣ್ಣು ಹಾಯಿಸುವುದು ಒಳ್ಳೆಯದು.

ಕಂಪ್ಯೂಟರಿಗೆ ವಾರವೆಂದರೆ ಬರೀ ಅಂಕಿ. ಆ ಅಂಕಿಯನ್ನು ‘ಬುಧವಾರ’ ಎಂದು ಓದುವ ಹಾಗೆ ಬರೆಸುವುದು ನಾಲ್ಕು ಸಾಲಿನ ಕೆಲಸ, ಹಾಗಾಗಿ ಯಾರೂ ಅದನ್ನು ತಪಾಸಣೆ ಮಾಡುವುದಿಲ್ಲ. ತೊಡಕಿರುವುದು ಅಂಕಿ ಯಾರದು ಎಂಬಲ್ಲಿ. 1948ರ ಸೆಪ್ಟೆಂಬರ್ 17, ಹೈದರಾಬಾದಿನ ನಿಜಾಮ ಶರಣಾದ ದಿನ, ಶುಕ್ರವಾರ. ಅದೇ ತಾರೀಖಿಗೆ ಜಾವಾಸ್ಕ್ರಿಪ್ಟಿನ ಗೆಟ್‌ಡೇ 5 ಅನ್ನುತ್ತದೆ, ಪೈಥಾನಿನ ವೀಕ್‌ಡೇ 4, ಎಕ್ಸೆಲ್ 6. ಮೈಎಸ್‌ಕ್ಯೂಎಲ್‌ನಲ್ಲಂತೂ ಒಂದು ಫಂಕ್ಷನ್ 6 ಕೊಟ್ಟರೆ ಪಕ್ಕದ್ದು 4 ಕೊಡುತ್ತದೆ. ಕಚೇರಿಯ ಎಕ್ಸೆಲ್ ಹಾಳೆಯ ಅಂಕಿಯನ್ನು ಹಾಗೇ ತಂದು ಜಾವಾಸ್ಕ್ರಿಪ್ಟಿನ ಪಟ್ಟಿಗೆ ಹಾಕಿದರೆ ಶುಕ್ರವಾರ ಶನಿವಾರವಾಗುತ್ತದೆ. ಬೇರೆ ತಪ್ಪಾದರೆ ಪ್ರೋಗ್ರಾಂ ಅಲ್ಲೇ ಕುಸಿದು ಬಿದ್ದು ತಾನೇ ಹೇಳಿಕೊಳ್ಳುತ್ತದೆ. ಇಲ್ಲಿ ಬರುವುದು ಕಾಗುಣಿತದೋಷವೂ ಇಲ್ಲದ ಅಚ್ಚ ಕನ್ನಡದ ತಪ್ಪು ವಾರ. ಓದಿದವರು ನಂಬುತ್ತಾರೆ.

ಇದಕ್ಕಿಂತ ಕಪಟದ್ದು ಇನ್ನೊಂದು. ಐಎಸ್‌ಒ 8601 ಮಾನದಂಡದಲ್ಲಿ ಸೋಮವಾರ 1, ಭಾನುವಾರ 7. ಜಾವಾಸ್ಕ್ರಿಪ್ಟಿನಲ್ಲೂ ಸೋಮವಾರ 1, ಆದರೆ ಭಾನುವಾರ 0. ಅಂದರೆ ಸೋಮವಾರದಿಂದ ಶನಿವಾರದವರೆಗೆ ಎರಡೂ ಲೆಕ್ಕ ಒಂದೇ. ಕೋಡ್ ಬರೆಯುವವರು ಪರೀಕ್ಷೆ ಮಾಡುವುದು ಕಚೇರಿ ದಿನಗಳಲ್ಲಿ. ಆರು ದಿನವೂ ಸರಿ ಬರುತ್ತದೆ, ಬಿಲ್ಲೂ ಪಾಸಾಗುತ್ತದೆ. ಭಾನುವಾರ ಐಎಸ್‌ಒದ 7 ಹಿಡಿದು ಜಾವಾಸ್ಕ್ರಿಪ್ಟಿನ 0ಯಿಂದ 6ರ ಪಟ್ಟಿಯಲ್ಲಿ ಹುಡುಕಿದರೆ ಹೆಸರೇ ಇರುವುದಿಲ್ಲ, ‘ನಿಮ್ಮ ಪಾಳಿ’ ಎಂದ ಮೇಲೆ ಖಾಲಿ. ಕರೆ ಮಾಡಿ ಕೇಳೋಣವೆಂದರೆ ಅವತ್ತು ಕಚೇರಿಗೆ ರಜೆ.

ರಾತ್ರಿಯದು ಬೇರೆಯೇ ಕಥೆ. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟಿಗೂ ಪಾಳಿ, ಅದು ಎಷ್ಟೋ ಸಲ ರಾತ್ರಿಗೇ ಬೀಳುತ್ತದೆ. ಸರ್ವರಿನ ಗಡಿಯಾರವನ್ನು ಸಾಮಾನ್ಯವಾಗಿ ಯುಟಿಸಿಗೆ ಇಟ್ಟಿರುತ್ತಾರೆ, ಅದು ನಮಗಿಂತ ಐದೂವರೆ ತಾಸು ಹಿಂದೆ. ನಮ್ಮಲ್ಲಿ ಗುರುವಾರ ನಸುಕಿನ 2 ಗಂಟೆಯಾದಾಗ ಅಲ್ಲಿ ಇನ್ನೂ ಬುಧವಾರ ರಾತ್ರಿ 8:30. ವೇಳೆಯನ್ನು ಸರಿಪಡಿಸಿ, ವಾರವನ್ನು ಮಾತ್ರ ಸರ್ವರಿನಿಂದಲೇ ತೆಗೆದರೆ ಸಂದೇಶದಲ್ಲಿ ‘ಬುಧವಾರ 2 ಗಂಟೆ’ ಎಂದು ಬರುತ್ತದೆ. ಗೊಂದಲ ಯಂತ್ರದ್ದೊಂದೇ ಅಲ್ಲ. ರೈತನ ಬಾಯಲ್ಲೂ ಅದು ‘ಬುಧವಾರ ರಾತ್ರಿ ಎರಡಕ್ಕ’, ಯಾಕೆಂದರೆ ಅವನಿಗೆ ದಿನ ಬದಲಾಗುವುದು ಹೊತ್ತು ಮೂಡಿದ ಮೇಲೆ. ಕೋಡನ್ನು ಸರಿಮಾಡಿ ‘ಗುರುವಾರ 2 ಗಂಟೆ’ ಎಂದು ಕಳಿಸಿದರೂ ಅವನು ಒಂದು ರಾತ್ರಿ ತಡವಾಗಿ ಹೊಲಕ್ಕೆ ಹೋಗಬಹುದು. ‘ಬುಧವಾರ ರಾತ್ರಿ, ಬೆಳಗಾದರೆ ಗುರುವಾರ’ ಎಂದು ಬರೆದು ಮುಂದೆ ತಾರೀಖು ಹಾಕುವುದೊಂದೇ ದಾರಿ. ಕಾಲುವೆಯ ಕೊನೆ ಭಾಗದವರಿಗೆ ತಪ್ಪಿದ ಪಾಳಿ ಮತ್ತೆ ಬರುವಷ್ಟರಲ್ಲಿ ಭತ್ತದ ಗದ್ದೆ ಬಿರುಕು ಬಿಟ್ಟಿರುತ್ತದೆ.

ಜಾಗ ಉಳಿಸಲು ಹೆಸರಿನ ಮೊದಲ ಅಕ್ಷರವಷ್ಟೇ ಇಡುವ ಚಾಳಿಯೂ ಇದೆ: ಕಂಪ್ಯೂಟರ್ ಕೊಂಬನ್ನೂ ಬೇರೆ ಅಕ್ಷರವೆಂದೇ ಎಣಿಸುವುದರಿಂದ ಶುಕ್ರವಾರ, ಶನಿವಾರ ಎರಡೂ ‘ಶ’ ಆಗುತ್ತವೆ. ಇಂಗ್ಲಿಷಿನ ಅಭ್ಯಾಸದಂತೆ ಮೂರಕ್ಕೆ ಕತ್ತರಿಸಿದರೆ ‘ಶುಕ’ ಮಹರ್ಷಿ ಬರುತ್ತಾನೆ.

ಹೆಸರುಗಳ ಪಟ್ಟಿಯನ್ನು ಕೈಯಾರೆ ಬರೆಯುವ ಅಗತ್ಯವೇ ಇಲ್ಲ. ಯುನಿಕೋಡಿನ ಸಿಎಲ್‌ಡಿಆರ್ ಭಂಡಾರದಲ್ಲಿ ಭಾನುವಾರದಿಂದ ಶನಿವಾರದವರೆಗೆ ಕನ್ನಡದ ಪೂರ್ಣ ರೂಪ, ಗಿಡ್ಡ ರೂಪ ಎರಡೂ ಇವೆ. ಆಂಡ್ರಾಯ್ಡ್ ಮತ್ತು ಬ್ರೌಸರುಗಳು ಅಲ್ಲಿಂದಲೇ ತರುತ್ತವೆ. ಬರೀ ಅಂಕಿಯ ಬದಲು ಪೂರ್ತಿ ತಾರೀಖು ಕೊಟ್ಟು, ಕಾಲವಲಯ ‘ಏಷ್ಯಾ/ಕೋಲ್ಕತ್ತಾ’ ಎಂದು ತಿಳಿಸಿದರೆ ಸಾಕು.

ನೀರಾವರಿ ಸಲಹಾ ಸಮಿತಿಯ ತೀರ್ಮಾನವಾದ ಮೇಲೆ ಪಾಳಿ ಪಟ್ಟಿಯನ್ನು ಸಂದೇಶವಾಗಿ ಕಳಿಸುವ ಯೋಚನೆ ಯಾರಿಗಿದ್ದರೂ, ಟೆಂಡರಿನಲ್ಲಿ ಇಷ್ಟು ಬರೆಸಲಿ: ಭಾನುವಾರವೂ ಸೇರಿ ಏಳು ದಿನದ, ರಾತ್ರಿ 12ರಿಂದ ಬೆಳಗಿನ 5:30ರ ನಡುವಿನ ಹೊತ್ತಿನದೂ ಸೇರಿದ ಮಾದರಿ ಸಂದೇಶಗಳನ್ನು ಗೇಟಿನ ಗ್ಯಾಂಗ್‌ಮನ್ ಓದಿ ಒಪ್ಪಿದ ಮೇಲಷ್ಟೇ ಬಿಲ್ಲು.