ಪಂಕ್ತಿಯಲ್ಲಿ ಮಗುವಿಗೊಂದು ಎಲೆ

ಎಳೆಯ ಮಗುವನ್ನು ಕರೆದುಕೊಂಡು ಪ್ರವಾಸ ಹೊರಡುವ ಗೃಹಸ್ಥರು ಹೊರಗಣ ಊಟದ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ಒಂದನ್ನು ಹಿಡಿಯುವುದುಂಟು. ಹೋಟೆಲಿನ ಅನ್ನವೆಲ್ಲ ಮಗುವಿಗೆ ಅಪಾಯಕರವೆಂದು ಭಾವಿಸಿದವರು ರಾಗಿಸರಿಯ ಡಬ್ಬಿಯನ್ನೂ ಬಿಸಿನೀರಿನ ಫ್ಲಾಸ್ಕನ್ನೂ ಹೊತ್ತು ತಂದು, ಮಗುವಿಗೆ ಕಾರಿನೊಳಗೇ ಉಣಿಸಿ, ಅನಂತರ ಸರದಿಯ ಮೇಲೆ ಒಬ್ಬೊಬ್ಬರಾಗಿ ಒಳಗೆ ಹೋಗಿ ತಮ್ಮ ಊಟವನ್ನು ತೀರಿಸಿಕೊಂಡು ಬರುತ್ತಾರೆ. ಇನ್ನು ಕೆಲವರು ತಮಗಿಷ್ಟವಾದ ಹೋಟೆಲಿಗೆ ತಮಗೊಪ್ಪಿದ ಹೊತ್ತಿನಲ್ಲಿ ಹೋಗಿ, ಮಗುವಿನ ಕೈಗೆ ಮೊಬೈಲನ್ನೂ ಬಾಯಿಗೆ ಚಿಪ್ಸನ್ನೂ ಕೊಟ್ಟು, ತಮ್ಮ ಊಟ ಮುಗಿಯುವವರೆಗೆ ಅದು ಸುಮ್ಮನಿದ್ದರೆ ಸಾಕೆಂದು ತೃಪ್ತಿಪಡುತ್ತಾರೆ. ಈ ಎರಡು ಮಾರ್ಗಗಳು ನೋಡುವುದಕ್ಕೆ ಪರಸ್ಪರ ವಿರುದ್ಧವಾಗಿದ್ದರೂ ಎರಡರ ಮೂಲದಲ್ಲಿರುವ ಭಾವನೆ ಒಂದೇ: ಪಂಕ್ತಿ ಹಿರಿಯರದು, ಮಗು ಅದರಿಂದ ಹೊರಗಿನದು ಎಂಬುದು. ಈ ಭಾವನೆಯನ್ನು ನಾನು ಒಪ್ಪಲಾರೆ. ಮಗುವಿನ ದೇಹಧರ್ಮವನ್ನೂ ಹಸಿವೆಯ ಹೊತ್ತನ್ನೂ ಮುಂದಿಟ್ಟುಕೊಂಡು ಹೋಟೆಲನ್ನು ಆರಿಸಿ, ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡರೆ, ಆ ಊಟ ಮಗುವಿಗೆ ಹಿತವಾಗುವುದಲ್ಲದೆ ಹಿರಿಯರಿಗೂ ಹೆಚ್ಚು ರುಚಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭೀತಿಯ ಪಕ್ಷದಲ್ಲಿ ಸತ್ಯಾಂಶವೇ ಇಲ್ಲವೆಂದು ಯಾರೂ ಹೇಳಲಾರರು. ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಿಂದ, ಆ ವಯಸ್ಸಿನಲ್ಲಿ ಹೋಟೆಲಿನ ಪ್ರಶ್ನೆಯೆಂದರೆ ತಾಯಿಯ ಊಟದ ಪ್ರಶ್ನೆಯಷ್ಟೇ. ಅಲ್ಲಿಂದ ಮುಂದಕ್ಕೂ ಕೆಲವು ನಿಷೇಧಗಳುಂಟು. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಸಲ್ಲದು. ಇಡಿಯ ಕಡಲೆಕಾಯಿಬೀಜ, ಗೋಡಂಬಿಗಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ, ಚಿತ್ರಾನ್ನ, ಉಪ್ಪಿಟ್ಟು, ಪೊಂಗಲುಗಳಲ್ಲಿ ಅವು ಅಡಗಿರುವುದನ್ನು ನೋಡಿ ತೆಗೆದೇ ಕೊಡತಕ್ಕದ್ದು. ಆದರೆ ಎಚ್ಚರಿಕೆಯೂ ತನ್ನ ಸ್ಥಾನದಲ್ಲಿರಬೇಕು. ಬೇಯಿಸಿದ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿಟ್ಟಿರಬೇಕು, ಹಾಗಿಲ್ಲದೆ ಎರಡು ಗಂಟೆಗೂ ಮೀರಿ ಹೊರಗೆ ಬಿಟ್ಟದ್ದನ್ನು ನಂಬಬಾರದು ಎಂಬುದು ಅದೇ ಸಂಸ್ಥೆಯ ಉಪದೇಶ. ಈ ದೃಷ್ಟಿಯಿಂದ ನೋಡಿದರೆ, ಬೆಳಗಿನ ಜಾವ ಮನೆಯಲ್ಲಿ ಕಲಸಿ ಡಬ್ಬಿಗೆ ತುಂಬಿ ಮಧ್ಯಾಹ್ನ ಬಿಚ್ಚುವ ಅನ್ನಕ್ಕಿಂತ, ಈಗತಾನೇ ಹಬೆಯಿಂದ ಇಳಿದ ಹೋಟೆಲಿನ ಇಡ್ಲಿಯೇ ಮಗುವಿಗೆ ಹೆಚ್ಚು ಕ್ಷೇಮ. ಅಂಜಬೇಕಾದದ್ದು ಬೆಳಿಗ್ಗೆ ರುಬ್ಬಿ ಹಾಗೆಯೇ ಇಟ್ಟ ಕಾಯಿಚಟ್ನಿಗೆ, ಲೋಟದ ನೀರಿಗೆ, ಹೆಚ್ಚಿಟ್ಟ ಹಣ್ಣಿಗೆ. ಆದುದರಿಂದ ನೂರು ಖಾದ್ಯಗಳ ಪಟ್ಟಿಯನ್ನಿಟ್ಟುಕೊಂಡು ಗಿರಾಕಿಗಳಿಲ್ಲದೆ ತಣ್ಣಗಿರುವ ಭವ್ಯ ಭೋಜನಾಲಯಕ್ಕಿಂತ, ನಾಲ್ಕೇ ತಿಂಡಿಗಳನ್ನು ಮಾಡುತ್ತ, ಊರವರೇ ಬಂದು ತಿನ್ನುತ್ತ, ಪಾತ್ರೆ ಬರಿದಾಗಿ ಮತ್ತೆ ತುಂಬುತ್ತಿರುವ ಸಣ್ಣ ಹೋಟೆಲು ಮಗುವಿರುವವರಿಗೆ ಯೋಗ್ಯವಾದುದು.

ಈ ವಿಷಯದಲ್ಲಿ ಕನ್ನಡನಾಡಿನ ಪ್ರವಾಸಿ ಭಾಗ್ಯವಂತನೆಂದೇ ನಾನು ತಿಳಿದಿದ್ದೇನೆ. ಬುತ್ತಿ ಕಟ್ಟಿಕೊಳ್ಳದೆ ಸಂಸಾರಸಹಿತ ಊರು ಬಿಟ್ಟು ಹೊರಡುವುದು ಕಷ್ಟವಾಗಿದ್ದ ಕಾಲದಲ್ಲಿ, ಉಡುಪಿಯ ಸೀಮೆಯಿಂದ ಹೊರಟ ಅಡುಗೆಯವರು ಬೆಂಗಳೂರು, ಮದರಾಸು, ಮುಂಬಯಿಗಳಲ್ಲಿ ಹೋಟೆಲುಗಳನ್ನು ತೆರೆದು, ಹೆಂಗಸರೂ ಮಕ್ಕಳೂ ಕೂತು ಉಣ್ಣಲೆಂದು ಫ್ಯಾಮಿಲಿ ರೂಮೆಂಬ ಮರೆಯ ಕೋಣೆಗಳನ್ನು ಕಟ್ಟಿದರು. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಸ್ಥಾಪಿಸಿದವರೂ ಆ ಕಡೆಯವರೇ. ಆ ಹೋಟೆಲುಗಳಲ್ಲಿ ಎಷ್ಟೋ ಕಡೆ ಜಾತಿಗೊಂದು ಜಾಗವೆಂಬ ಕಳಂಕವಿತ್ತು. ಅದು ತೊಲಗಿದ್ದು ನಾಡಿನ ಪುಣ್ಯ. ಆದರೆ ಮಡಿವಂತಿಕೆಯ ನಿಮಿತ್ತದಿಂದ ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಟ್ಟು ಮೃದುವಾಗಿ ಬೆಳೆದುಬಂದ ಆ ಪಾಕದ ಒಂದು ಭಾಗ ಎಳೆಯ ನಾಲಗೆಗೆ ತಾನಾಗಿಯೇ ಒದಗಿಬಂತೆಂಬುದನ್ನೂ ನೆನೆಯಬೇಕು. ಇಡ್ಲಿ, ಶ್ಯಾವಿಗೆ, ನೀರುದೋಸೆ, ತಿಳಿಸಾರಿನ ಅನ್ನ, ಮೊಸರನ್ನ—ಹಲ್ಲು ಮೂಡುತ್ತಿರುವ ಮಗುವಿಗಾಗಿ ಬೇರೆ ಪಟ್ಟಿ ಬರೆಯಲು ಕುಳಿತವನೂ ಇದಕ್ಕಿಂತ ಹೆಚ್ಚಿನದನ್ನು ಯೋಚಿಸಲಾರ. ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಖಾರ ಹೆಚ್ಚೆಂದು ಹೆದರುವವರಿದ್ದಾರೆ. ಎಣ್ಣೆಗಾಯಿಯೂ ಕೆಂಪು ಚಟ್ನಿಯೂ ಮಗುವಿಗಲ್ಲವೆಂಬುದು ನಿಜವೇ. ಆದರೆ ತಟ್ಟಿ ಆಗತಾನೇ ಬೇಯಿಸಿದ ಬಿಸಿ ಜೋಳದ ರೊಟ್ಟಿಯನ್ನು ಚೂರುಮಾಡಿ ಗಟ್ಟಿ ಮೊಸರಿನಲ್ಲಿ ನೆನೆಸಿ ಕೊಟ್ಟರೆ, ಬೇಡವೆನ್ನುವ ಮಗು ಅಪರೂಪ. ಕೇಳಿದರೆ ಬಡಿಸುವವರು ಸಂತೋಷದಿಂದ ಇನ್ನೊಂದು ಬಟ್ಟಲು ಮೊಸರು ತರುತ್ತಾರೆ.

ಆಹಾರಕ್ಕಿಂತಲೂ ಕಠಿನವಾದ ಪ್ರಶ್ನೆ ಕಾಲದ್ದು. ಹಿರಿಯನು ಹಸಿವೆಯನ್ನು ಒಂದು ಗಂಟೆ ಮುಂದೂಡಬಲ್ಲ. ಪುಟ್ಟ ಜಠರವುಳ್ಳ ಮಗು, ಸ್ವಲ್ಪಸ್ವಲ್ಪವಾಗಿ ಹಲವು ಸಲ ಉಣ್ಣಬೇಕಾದ ಜೀವ, ಹಾಗೆ ಮಾಡಲಾರದು. ಹಸಿವೂ ನಿದ್ದೆಯೂ ಕೂಡಿದಾಗ ಅದು ರಚ್ಚೆ ಹಿಡಿಯುವುದನ್ನು ಹಠವೆಂದು ಕರೆಯುವುದು ಅನ್ಯಾಯ. ಇಲ್ಲಿಯೇ ಹೋಟೆಲಿನ ಕೀರ್ತಿಗೂ ಮಗುವಿನ ಪ್ರಕೃತಿಗೂ ವಿರೋಧವೇಳುವುದು. ಗಾಂಧಿಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ದೋಸೆಗೆ ಭಾನುವಾರ ಬೆಳಿಗ್ಗೆ ಜನ ಸಾಲುಗಟ್ಟಿ ಕಾಯುವುದು ಆ ದೋಸೆಗೆ ಸಲ್ಲತಕ್ಕ ಗೌರವವೇ. ಆದರೆ ಎರಡು ವರ್ಷದ ಮಗುವಿಗೆ ಆ ಗೌರವವನ್ನು ಸಲ್ಲಿಸೆಂದು ಹೇಳಲಾಗದು. ಪ್ರಸಿದ್ಧವಾದ ಕಡೆಗೆ ವಾರದ ನಡುದಿನದಲ್ಲಿ, ಹಸಿವೆ ಮೂಡುವ ಮೊದಲೇ ಹೋಗುವುದು ವಿವೇಕ. ಅದು ಸಾಧ್ಯವಾಗದಿದ್ದರೆ ಪ್ರಸಿದ್ಧಿಯನ್ನು ಬಿಟ್ಟು ಪಕ್ಕದ ಬೀದಿಯ ಅನಾಮಧೇಯ ಹೋಟೆಲಿಗೆ ನಡೆಯುವುದು ಅದಕ್ಕಿಂತ ಹೆಚ್ಚಿನ ವಿವೇಕ. ದಾರಿಯ ಸ್ವರೂಪವನ್ನೂ ಎಣಿಸಬೇಕು. ಸಕಲೇಶಪುರ ದಾಟಿ ಶಿರಾಡಿ ಘಾಟಿಯನ್ನು ಇಳಿಯಲಿರುವವರು ಅದಕ್ಕೆ ಮುಂಚೆ ಮಗುವಿಗೆ ಪೂರಿ, ಬೋಂಡಾಗಳನ್ನು ತಿನ್ನಿಸಿದರೆ ತಿರುವುಗಳಲ್ಲಿ ಅದರ ಫಲವನ್ನು ಉಣ್ಣುವರು. ಒಂದು ಇಡ್ಲಿಯೋ ಏಲಕ್ಕಿ ಬಾಳೆಹಣ್ಣೋ ಅಲ್ಲಿಗೆ ಸಾಕು.

ಹೇಳಿದ ತಿಂಡಿ ಬರುವವರೆಗಿನ ಹೊತ್ತನ್ನು ಕಳೆಯುವುದು ಹೇಗೆಂಬುದೇ ಬಹುಮಂದಿ ತಂದೆತಾಯಿಗಳ ಸಂಕಟ, ಮೊಬೈಲು ಹೊರಬರುವುದೂ ಆಗಲೇ. ಅಡುಗೆ ಕಣ್ಣಿಗೆ ಕಾಣುವ ಹೋಟೆಲನ್ನು ಆರಿಸಿಕೊಂಡವರಿಗೆ ಈ ಸಂಕಟ ಬಹುಮಟ್ಟಿಗೆ ತಪ್ಪುತ್ತದೆ. ದೋಸೆಕಲ್ಲಿನ ಮುಂದೆ ಮಗುವನ್ನು ಎತ್ತಿಕೊಂಡು ನಿಂತವನು ನೋಡಿಯೇ ಇರುತ್ತಾನೆ: ಭಟ್ಟರು ಕಾದ ಕಲ್ಲಿನ ಮೇಲೆ ನೀರೆರಚುತ್ತಾರೆ, ಅದು ಚುಂಯ್ ಎಂದು ಹಬೆಯಾಗುತ್ತದೆ, ತೆಂಗಿನಕಡ್ಡಿಯ ಪೊರಕೆಯಿಂದ ಒಮ್ಮೆ ಗುಡಿಸಿ ಹಿಟ್ಟನ್ನು ಹೊಯ್ದು ಬಟ್ಟಲಿನ ತಳದಿಂದ ಸುತ್ತುತ್ತಾರೆ, ಬಿಳಿಯ ವೃತ್ತ ದೊಡ್ಡದಾಗುತ್ತ ಹೋಗುತ್ತದೆ, ಅಂಚಿಗೆ ತುಪ್ಪ ಬಿದ್ದೊಡನೆ ಬಿಳುಪು ಹೊನ್ನಾಗಿ, ಹೊನ್ನು ಕೆಂಪಾಗಿ, ಮಗುಚುವ ಸೌಟು ಕೆಳಗೆ ನುಸುಳುತ್ತದೆ. ಮಗು ಮೊದಲನೆಯ ನೀರಿನ ಸದ್ದಿಗೆ ಬೆಚ್ಚಿ ಹೆಗಲಿಗೆ ಮುಖವೊತ್ತುತ್ತದೆ, ಎರಡನೆಯದಕ್ಕೆ ತಿರುಗಿ ನೋಡುತ್ತದೆ, ಮೂರನೆಯದಕ್ಕೆ ತಾನೇ ಕೈಯೆತ್ತಿ ಎರಚುವ ಅಭಿನಯ ಮಾಡುತ್ತದೆ. ಆಮೇಲೆ ತಟ್ಟೆಗೆ ಬಂದ ದೋಸೆ ಅದಕ್ಕೆ ಅಪರಿಚಿತ ವಸ್ತುವಾಗಿರುವುದಿಲ್ಲ. ಕಂಡರಿಯದ ತಿನಿಸನ್ನು ಮಗು ತಳ್ಳಿಹಾಕುವುದು ಆ ವಯಸ್ಸಿನ ಸಹಜ ಧರ್ಮ. ಬಲವಂತಪಡಿಸದೆ ಮತ್ತೆ ಮತ್ತೆ ಮುಂದಿಟ್ಟರೆ ಅದೇ ಮಗು ಕ್ರಮೇಣ ರುಚಿ ನೋಡಲು ಕೈಚಾಚುತ್ತದೆ. ತೆರೆದ ಅಡುಗೆಯ ಈ ಗುಣ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿಗಳಲ್ಲಿ ಧಾರಾಳವಾಗಿದೆ. ಅಲ್ಲಿಯ ಕೊರತೆಯೆಂದರೆ ನಿಂತು ತಿನ್ನುವ ಮೇಜು ಹಿರಿಯರ ಎದೆಯ ಎತ್ತರದ್ದು, ಮಗು ತನ್ನ ತಟ್ಟೆಯನ್ನೇ ಕಾಣಲಾರದು.

ಮಗುವಿನೊಡನೆ ಉಣ್ಣುವುದರಲ್ಲಿ ಹಿರಿಯರ ಸುಖ ಕುಗ್ಗುತ್ತದೆಂಬ ದೂರು ಉಂಟಷ್ಟೆ. ಊಟದ ಕ್ರಮ ಬದಲಾಗುತ್ತದೆಂಬುದು ದಿಟ: ಕಾಫಿ ಆರುತ್ತದೆ, ಮಾತು ತುಂಡಾಗುತ್ತದೆ. ಆದರೆ ಸಾರನ್ನು ಮೊದಲ ಸಲ ನಾಲಗೆಗೆ ತಾಗಿಸಿಕೊಂಡ ಮಗುವಿನ ಹುಬ್ಬು ಗಂಟಿಕ್ಕಿ ಬಿಡುವುದನ್ನೂ, ಪಾಯಸದಲ್ಲಿ ಅದು ಐದು ಬೆರಳನ್ನೂ ಅದ್ದುವುದನ್ನೂ ಕಂಡವನು, ಅಭ್ಯಾಸಬಲದಿಂದ ರುಚಿಯ ಅರಿವಿಲ್ಲದೆ ನುಂಗುತ್ತಿದ್ದ ತುತ್ತನ್ನು ಮತ್ತೆ ಗಮನವಿಟ್ಟು ಉಣ್ಣತೊಡಗುತ್ತಾನೆ. ಧರ್ಮಸ್ಥಳದಲ್ಲಿ, ಹೊರನಾಡಿನಲ್ಲಿ, ಶೃಂಗೇರಿಯಲ್ಲಿ ನೂರಾರು ಜನರ ಸಾಲಿನಲ್ಲಿ ಊಟಕ್ಕೆ ಕುಳಿತಾಗ ಮಗು ಅನ್ನ ಚೆಲ್ಲಿದರೆ ಯಾರೂ ತಿರುಗಿ ನೋಡುವುದಿಲ್ಲ. ಬಡಿಸುವವರು ಒಂದು ಕ್ಷಣ ಬಾಗಿ ಇನ್ನಷ್ಟು ಪಾಯಸ ಹಾಕಿ ಮುಂದೆ ಹೋಗುತ್ತಾರೆ. ಅನ್ನಕ್ಕೆ ಬಂದವರೆಲ್ಲರೂ ಅಲ್ಲಿ ಅತಿಥಿಗಳೇ ಆದ್ದರಿಂದ ಮಗುವೂ ಒಬ್ಬ ಅತಿಥಿ. ಹಣ ತೆತ್ತು ಉಣ್ಣುವ ಕಡೆ ಈ ಔದಾರ್ಯ ಏಕೆ ಕಡಮೆಯಾಗಬೇಕೆಂಬುದು ನನಗೆ ತಿಳಿಯದು.

ತಂದೆತಾಯಿಗಳ ಕರ್ತವ್ಯವನ್ನು ನಾನು ಮರೆತಿಲ್ಲ. ಬಿಸಿ ಸಾಂಬಾರು ಹಿಡಿದು ಓಡಾಡುವ ಸಪ್ಲೈಯರುಗಳ ಕಾಲಿಗೆ ಅಡ್ಡವಾಗಿ ಮಗುವನ್ನು ಓಡಲು ಬಿಡುವುದು ಅಪರಾಧವೇ ಸರಿ. ಅಳು ತಡೆಯಲಾಗದಾಗ ಎತ್ತಿಕೊಂಡು ಹೊರಗೆ ಹೋಗುವುದೂ, ಮೇಜಿನ ಕೆಳಗೆ ಚೆಲ್ಲಿದ್ದನ್ನು ಒಂದಿಷ್ಟು ಬಳಿದು ಎಲೆಯೊಳಕ್ಕೆ ಹಾಕಿ ಏಳುವುದೂ, ಸಾಧ್ಯವಿದ್ದರೆ ಒರೆಸುವ ಹುಡುಗನಿಗೆ ಏನಾದರೂ ಕೊಡುವುದೂ ಸೌಜನ್ಯ. ಅದರೊಡನೆ ಮಾಲೀಕರಿಂದ ಕೇಳತಕ್ಕದ್ದೂ ಕೆಲವುಂಟು: ಕೈತೊಳೆಯುವ ಬೇಸಿನ್ನಿನ ಕೆಳಗೊಂದು ಮೆಟ್ಟಿಲು, ಮಗು ಎರಡು ಕೈಯಿಂದ ಹಿಡಿಯಬಲ್ಲ ಸಣ್ಣ ಲೋಟ, ಕೂಸಿಗೆ ಹಾಲೂಡಿಸುವ ತಾಯಿಗೆ ಯಾರೂ ಏಳಿಸದ ಒಂದು ಮೂಲೆ. ಇವುಗಳಿಗೆ ತಗಲುವ ವೆಚ್ಚ ಒಂದು ದಿನದ ಕಾಫಿಪುಡಿಯಷ್ಟೂ ಆಗಲಾರದು. ಗಲ್ಲಾದ ಬಳಿ ಹಣ ಕೊಡುವಾಗ ಇದನ್ನು ಒಮ್ಮೆ ಬಾಯಿಬಿಟ್ಟು ಹೇಳಿ ಬರುವ ಅಭ್ಯಾಸ ನಮ್ಮ ಪ್ರವಾಸಿಗಳಿಗೆ ಇನ್ನೂ ಬಂದಿಲ್ಲ. ಮುಂದೆ ಅದೇ ದಾರಿಯಲ್ಲಿ ಮಗುವನ್ನು ಎತ್ತಿಕೊಂಡು ಬರಲಿರುವವರ ಸಲುವಾಗಿಯಾದರೂ ಅದು ಬರಬೇಕು.