ಗಾಲಿಕುರ್ಚಿಯೂ ಹೊಸ್ತಿಲೂ

ಸರ್ಕಾರ ನಮ್ಮ ಅಪ್ಪಯ್ಯನಿಗೆ ಗಾಲಿಕುರ್ಚಿಯನ್ನು ಕೊಟ್ಟಿತು. ಅದಕ್ಕೆ ನಾವು ಕೃತಜ್ಞರು. ಆದರೆ ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನವನ್ನೇ ಕಳೆದುಕೊಂಡವರು ಆ ಕುರ್ಚಿಯಲ್ಲಿ ಕುಳಿತು ಹೋಗುವುದಾದರೂ ಎಲ್ಲಿಗೆ? ಜಗುಲಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲು. ನಡುಮನೆಗೆ ಗೇಣುದ್ದದ ಹೊಸ್ತಿಲು. ಬಚ್ಚಲಿನ ಬಾಗಿಲು ಎರಡಡಿ ಅಗಲ, ಕುರ್ಚಿಯೋ ಅದಕ್ಕಿಂತ ಎರಡಂಗುಲ ಹೆಚ್ಚು. ವರ್ಷವೆಲ್ಲ ಅದು ಮೂಲೆಯಲ್ಲಿ ನಿಂತು ಒಗೆದ ಬಟ್ಟೆಗಳಿಗೆ ಆಸರೆಯಾಯಿತು. ಅಪ್ಪಯ್ಯನನ್ನು ಬಚ್ಚಲಿಗೆ ಎತ್ತಿ ಒಯ್ಯುತ್ತಿದ್ದವರು ಅಣ್ಣ ಮತ್ತು ನಾನು. ನಾವಿಬ್ಬರೂ ಮನೆಯಲ್ಲಿರದ ದಿನ ಅವರು ಬೆಳಗಿನಿಂದ ನೀರನ್ನೇ ಮುಟ್ಟುತ್ತಿರಲಿಲ್ಲವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಅಮ್ಮನ ಬಾಯಿಂದ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ವಸತಿ ಯೋಜನೆಗಳಲ್ಲಿ ಶೇಕಡ 5ರಷ್ಟನ್ನು ಮೀಸಲಿರಿಸಿದೆ. 2015ರಲ್ಲಿ ಆರಂಭವಾದ ಸುಗಮ್ಯ ಭಾರತ ಅಭಿಯಾನವು ಕಚೇರಿ, ನಿಲ್ದಾಣಗಳಲ್ಲಿ ಇಳಿಜಾರು ಕಟ್ಟಿಸಲು ಹೊರಟಿತು. ಒಳ್ಳೆಯದೇ. ಆದರೆ ಸ್ವಂತ ಜಗುಲಿಯನ್ನೇ ಇಳಿಯಲಾರದವರಿಗೆ ತಾಲ್ಲೂಕು ಕಚೇರಿಯ ಇಳಿಜಾರಿನಿಂದ ಆಗುವ ಪ್ರಯೋಜನವೇನು? ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತಗಳು ಇರುವ ಮನೆಯನ್ನು ಮಾರ್ಪಡಿಸುವುದಕ್ಕೆಂದೇ, ಆದಾಯವನ್ನು ನೋಡಿ, 30,000 ಪೌಂಡಿನವರೆಗೂ ನೆರವು ನೀಡುವುದುಂಟು. ಅಷ್ಟು ಹಣವನ್ನು ನಾವು ಕೇಳುತ್ತಿಲ್ಲ.

ನಮ್ಮ ಗ್ರಾಮ ಪಂಚಾಯಿತಿಗಳೂ ಸ್ವಂತ ಸಂಪನ್ಮೂಲದಲ್ಲಿ ಶೇಕಡ 5ನ್ನು ಅಂಗವಿಕಲರಿಗಾಗಿ ವೆಚ್ಚಮಾಡಬೇಕಷ್ಟೆ. ಅದನ್ನು ನೆಚ್ಚಿ ಅರ್ಜಿ ಬರೆದೆ. “ಹೊಲಿಗೆ ಯಂತ್ರ ಬೇಕಾದರೆ ಬರೆದುಕೊಡಿ, ಬಾಗಿಲು ಅಗಲ ಮಾಡುವುದೆಲ್ಲ ಇದರಲ್ಲಿ ಬರುವುದಿಲ್ಲ” ಎಂದರು. ಅಪ್ಪಯ್ಯನಿಗೆ ಹೊಲಿಗೆ ಬಾರದು.

ಮನೆಯೆಂಬುದು ಖಾಸಗಿ ಸ್ವತ್ತು, ಅದಕ್ಕೆ ಸಾರ್ವಜನಿಕರ ಹಣವೇಕೆ ಎಂದು ಗೆಳೆಯರೊಬ್ಬರು ವಾದಿಸಿದರು. ಸ್ವಚ್ಛ ಭಾರತದ ಹೆಸರಿನಲ್ಲಿ ಹಳ್ಳಿಯ ಮನೆಗಳಿಗೆ ಶೌಚಾಲಯಕ್ಕೆಂದು 12,000 ರೂಪಾಯಿ ಕೊಟ್ಟಾಗ ಆ ಹಿತ್ತಿಲುಗಳು ಖಾಸಗಿಯಾಗಿರಲಿಲ್ಲವೇ? ಅದೇ ಶೌಚಾಲಯದ ಬಾಗಿಲನ್ನು ಮೂರಡಿ ಮಾಡುವುದು ಮಾತ್ರ ಹೇಗೆ ಅಪರಾಧವಾದೀತು?

ಆದರೆ ಹಣವೊಂದೇ ಸಾಲದೆಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ಅಡಿಕೆ ಮಾರಿದ ದುಡ್ಡಿನಲ್ಲಿ ಮೇಸ್ತ್ರಿಯನ್ನು ಕರೆಸಿದೆವು. ಅವನು ಆರಡಿಯಲ್ಲಿ ಇಳಿಜಾರನ್ನು ಮುಗಿಸಿದ. ಮೊದಲ ದಿನವೇ ಕುರ್ಚಿ ಹಿಂದಕ್ಕೆ ವಾಲಿತು. ಅಣ್ಣ ಹಿಡಿಯದಿದ್ದರೆ ಅಪ್ಪಯ್ಯ ಎರಡನೆಯ ಸಲ ಬೀಳುತ್ತಿದ್ದರು. ಅಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕೆಂಬ ಲೆಕ್ಕ ನಮಗಾರಿಗೂ ಗೊತ್ತಿರಲಿಲ್ಲ. ನಮ್ಮ ಜಗುಲಿ ಒಂದೂವರೆ ಅಡಿ. ಎಂದರೆ 18 ಅಡಿ ಇಳಿಜಾರು. ಕಟ್ಟಿದ್ದನ್ನು ಕೆಡವಿ, ಅಂಗಳದ ಅಂಚಿಗೆ ತಿರುಗಿಸಿ, ಮತ್ತೆ ಕಟ್ಟಿಸಿದೆವು. ಬಚ್ಚಲಿಗೆ ದುಡ್ಡು ಉಳಿಯಲಿಲ್ಲ.

ಆದ್ದರಿಂದ, ವಸ್ತುವನ್ನು ಹಂಚುವ ಮೊದಲು ಅಳತೆಯ ಟೇಪು ಹಿಡಿದು ಒಬ್ಬರು ಮನೆಗೆ ಬರಬೇಕೆಂಬುದು ನನ್ನ ಅಭಿಪ್ರಾಯ. ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು. ಈ ಕೆಲಸವನ್ನು ಅವರಿಗಿಂತ ಬಲ್ಲವರಾರು? ಅವರು ಬರೆದ ಅಳತೆಗೆ ಪಂಚಾಯಿತಿಯು ಶೇಕಡ 5ರಿಂದ ಸಿಮೆಂಟು, ಮರಳು ಒದಗಿಸಲಿ.

ದುಡಿಮೆಗೆ ನಾವಿದ್ದೇವೆ. ಪ್ರತಿ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ನಾವು ಏಳು ದಿನ ಚರಂಡಿ ಬಳಿದು, ಮುಂದಿನ ಮಳೆಗೆ ಮತ್ತೆ ಹೂಳು ತುಂಬುವುದನ್ನು ಕಂಡಿದ್ದೇವೆ. ಈ ಸಲದ ಶಿಬಿರ ನಡೆಯಲಿರುವ ಊರಿನಲ್ಲಿ ಗಾಲಿಕುರ್ಚಿಯುಳ್ಳ ಮನೆಗಳು ಎರಡಿವೆ. ಒಂದರ ಜಗುಲಿಯನ್ನು ಕಳೆದ ಭಾನುವಾರ ಅಳೆದುಬಂದೆ, ಎರಡಡಿಯಿದೆ. ಯೋಜನಾಧಿಕಾರಿಗಳಾದ ಅಧ್ಯಾಪಕರಿಗೆ ಆ ಚೀಟಿಯನ್ನು ಕೊಟ್ಟಿದ್ದೇನೆ.