ಗಾಜಿನ ಕಿಟಕಿ, ಗುಲಾಬಿ ಸೀಸೆ

ಮದ್ಯವನ್ನು ಹೊಸಿಲಾಚೆ ಇಟ್ಟ ಮನೆಗಳಿಗೆ ಪಬ್ಬಿನ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಕುಡಿತದ ಪರವಾಗಿ ನಾವಿದನ್ನು ಬರೆಯುತ್ತಿಲ್ಲ. ಹೆಣ್ಣನ್ನು ದೂರ ನಿಲ್ಲಿಸಿದ್ದವರೇ ಮುಂದೆ ಅವಳ ಕೈಚೀಲದ ಮೇಲೆ ಕಣ್ಣಿಟ್ಟು ಕರೆಯತೊಡಗಿದರೆ ಆ ಕರೆ ಹೇಗಿರುತ್ತದೆಂಬುದನ್ನು ಬ್ರಿಟನ್ನಿನ ಪಾನಗೃಹಗಳ ಕಥೆ ಚೆನ್ನಾಗಿ ತಿಳಿಸುತ್ತದೆ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಏಲ್ ಎಂಬ ಪೇಯವನ್ನು ಮನೆಯಲ್ಲೇ ಕಾಯಿಸಿ ಮಾರುತ್ತಿದ್ದವರು ಬಹುಮಟ್ಟಿಗೆ ಹೆಂಗಸರು. ಹಾಪ್ಸ್ ಎಂಬ ಬಳ್ಳಿಯ ಹೂ ಬೆರೆಸಿದ, ಬಹುದಿನ ಕೆಡದ ಬಿಯರು ಬಂದು ಕಸುಬಿಗೆ ದೊಡ್ಡ ಬಂಡವಾಳ ಬೇಕಾದಾಗ ಅದು ಗಂಡಸರ ಪಾಲಾಯಿತು. ಕಾಲಾನಂತರದಲ್ಲಿ ಪಬ್ಬೂ ಅವರದೇ ಠಾವಾಯಿತು. ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ಪತ್ರಕರ್ತರೂ ವಕೀಲರೂ ಸೇರುತ್ತಿದ್ದ ಎಲ್ ವಿನೋ ಎಂಬ ಮದ್ಯಗೃಹದಲ್ಲಿ ಹೆಂಗಸರು ಕಟ್ಟೆಯ ಬಳಿ ನಿಂತು ಕೇಳುವಂತಿರಲಿಲ್ಲ. ಹಿಂಬದಿಯ ಕೋಣೆಯಲ್ಲಿ ಕುಳಿತು, ತಂದುಕೊಟ್ಟದ್ದನ್ನು ಸ್ವೀಕರಿಸಬೇಕಿತ್ತು. ಲಿಂಗಭೇದ ನಿಷೇಧಿಸುವ ಕಾನೂನು 1975ರಲ್ಲೇ ಬಂದಿದ್ದರೂ ಈ ಕಟ್ಟಳೆ ಮುರಿದದ್ದು 1982ರಲ್ಲಿ. ಒಬ್ಬ ವಕೀಲೆ, ಒಬ್ಬ ಪತ್ರಕರ್ತೆ ಮೇಲ್ಮನವಿ ನ್ಯಾಯಾಲಯದವರೆಗೆ ಹೋದ ಮೇಲೆ.

ತಡೆ ಹೋದರೂ ಸಂಕೋಚ ಹೋಗಲಿಲ್ಲ. ಹಳೆಯ ಪಬ್ಬುಗಳ ಕಿಟಕಿಗೆ ಮಂಜುಗಾಜು. ಒಳಗಿರುವವರು ಯಾರೆಂದು ಬೀದಿಯಲ್ಲಿ ನಿಂತವಳಿಗೆ ಕಾಣದು. 1994ರಲ್ಲಿ ಬಾಸ್ ಎಂಬ ಕಂಪನಿ ದಕ್ಷಿಣ ಲಂಡನ್ನಿನ ಸಟನ್ನಿನಲ್ಲಿ ಆಲ್ ಬಾರ್ ಒನ್ ಎಂಬ ಪಾನಗೃಹವನ್ನು ತೆರೆಯಿತು. ಅದಕ್ಕೆ ದೊಡ್ಡ ದೊಡ್ಡ ತಿಳಿಗಾಜಿನ ಕಿಟಕಿಗಳು. ಒಂಟಿ ಹೆಣ್ಣು ಹೊರಗಿನಿಂದಲೇ ನೋಡಿ, ಗೆಳತಿ ಬಂದಿದ್ದಾಳೆಯೇ, ಒಳಗಿನ ವಾತಾವರಣ ಹೇಗಿದೆ ಎಂದರಿತು ಕಾಲಿಡಬಹುದಿತ್ತು, ಇಲ್ಲವೇ ಹಿಂದಿರುಗಬಹುದಿತ್ತು. ವ್ಯಾಪಾರಿಯ ಬುದ್ಧಿಯೇ ಇರಲಿ, ಹೆಣ್ಣಿನ ಅಳುಕನ್ನು ಅದು ಅರ್ಥಮಾಡಿಕೊಂಡಿತ್ತೆಂದು ಒಪ್ಪಲೇಬೇಕು.

ಆದರೆ 2011ರಲ್ಲಿ ಮಾಲ್ಸನ್ ಕೂರ್ಸ್ ಎಂಬ ಬಿಯರ್ ಕಂಪನಿ ಮಾಡಿದ್ದೇನು? ಮಹಿಳೆಯರಿಗೆಂದೇ ಅನಿಮೆ ಎಂಬ ಬಿಯರನ್ನು ಅಲ್ಲಿ ಮಾರುಕಟ್ಟೆಗೆ ತಂದಿತು. ಒಂದು ಸಾದಾ, ಒಂದು ನಿಂಬೆ, ಮತ್ತೊಂದು ಗುಲಾಬಿ ಬಣ್ಣದ್ದು. ಹೆಣ್ಣೆಂದರೆ ಕಹಿ ಒಲ್ಲದವಳು, ಬಣ್ಣಕ್ಕೆ ಮರುಳಾಗುವವಳು ಎಂಬ ಎಣಿಕೆ! ಹಾಗಲಕಾಯಿ ಗೊಜ್ಜನ್ನು ಚಪ್ಪರಿಸುವ ನಮ್ಮ ತಾಯಂದಿರನ್ನು ಇವರು ಕಂಡಿಲ್ಲ. ಮರುವರ್ಷ, 2012ರಲ್ಲಿ, ಕೊಳ್ಳುವವರು ಸಾಲದೆ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ನಮಗೆ ದುಃಖವಾಗಲಿಲ್ಲ. ಬಿಯರಾಗಲಿ ಮತ್ತೊಂದಾಗಲಿ, ಮದ್ಯವು ಸ್ತನ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ. ಅಲ್ಪ ಪ್ರಮಾಣವೂ ಇದಕ್ಕೆ ಹೊರತಲ್ಲ. ಸೀಸೆಯ ಬಣ್ಣ ಬದಲಾದರೆ ಇದು ಬದಲಾಗದು.

ಕುಡಿಯಬೇಡವೆಂದು ಮಗಳಿಗೆ ಬುದ್ಧಿ ಹೇಳುವುದು ಬೇರೆ, ಬಾಗಿಲಲ್ಲಿ ಅವಳನ್ನು ಅವಮಾನಿಸುವುದು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದವರು ನಮ್ಮ ನಾಡಿನಲ್ಲೂ ಇದ್ದಾರೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ಗುಂಪೊಂದು ನುಗ್ಗಿ, ಅಲ್ಲಿದ್ದ ಯುವತಿಯರನ್ನು ಸಂಸ್ಕೃತಿಯ ಹೆಸರಿನಲ್ಲಿ ಹೊಡೆದು ಅಟ್ಟಿತು. ದೂರದರ್ಶನದ ಪರದೆಯ ಮೇಲೆ ಇಡೀ ದೇಶ ಅದನ್ನು ಕಂಡಿತು. ಪಬ್ಬು ನಮಗೆ ಸೇರದು. ಆದರೂ ಅಂದು ತಲೆ ತಗ್ಗಿಸಿದವರಲ್ಲಿ ನಾವೂ ಇದ್ದೆವು. 2018ರಲ್ಲಿ, ಸಾಕ್ಷ್ಯ ಸಾಲದೆಂದು, ಆರೋಪಿಗಳು ಬಿಡುಗಡೆಯಾದರು.